ಅತ್ತಿಗೆ ಮೇಲಕ್ಕೆ ಹೋದ ಭಾನುವಾರ

ನನ್ನ ಅತ್ತಿಗೆ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಮುರಿದ ಮೂಳೆಗಳನ್ನು ನೋಡಿ ನೋಡಿ, ಯಾರು ಎಲ್ಲಿ ಹೇಗೆ ಬೀಳುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಮೆಟ್ಟಿಲ ಮೇಲೆ ಚೀಲ ಇಟ್ಟರೆ ಗದರುತ್ತಾಳೆ. ಕುರ್ಚಿ ಹತ್ತಿ ಬಲ್ಬು ಬದಲಿಸುವವರನ್ನು ಕೆಳಗಿಳಿಸಿ ಏಣಿ ತರಿಸುತ್ತಾಳೆ. ಸಿಟಿ ಬಸ್ಸು ಓಡಿಸುವ ನಮ್ಮಣ್ಣ ಹೆಂಡತಿಗೆ ಇಟ್ಟಿರುವ ಹೆಸರು ‘ಇನ್‌ಸ್ಪೆಕ್ಟರ್’. ಅಣ್ಣನನ್ನು ಮದುವೆಯಾಗುವ ಮೊದಲೇ ಅವಳು ನನ್ನ ಜೊತೆ ಓದಿದವಳು. ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನದ ಹಂಗಿಲ್ಲ.

ನಲವತ್ತು ದಾಟಿದ ಮೇಲೆ ಅವಳಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವ ಹುಚ್ಚು ಹತ್ತಿತು. ಒಬ್ಬರೇ ಇಳಿಯಬಾರದು ಎಂಬುದು ಮೊದಲ ನಿಯಮ. ಅದಕ್ಕಾಗಿ, ಕನ್ನಡಕದ ಅಂಗಡಿಯಲ್ಲಿ ತೆಪ್ಪಗೆ ಸ್ಕ್ರೂ ಬಿಗಿಯುತ್ತ ಕೂತಿದ್ದ ನನ್ನನ್ನೂ ತರಬೇತಿಗೆ ಎಳೆದೊಯ್ದಳು. ಮೂರು ವರ್ಷದಿಂದ ತಿಂಗಳಿಗೊಂದು ಭಾನುವಾರ ಇಬ್ಬರೂ ಊರ ನಡುವಿನ ಕಡಲಗೋಡೆಯ ಮೆಟ್ಟಿಲಿನಿಂದಲೇ ನೀರಿಗಿಳಿಯುತ್ತೇವೆ. ಆ ಜಾಗವೋ ಪೂರ್ತಿ ಸಂತೆ. ಗೋಡೆಯ ಮೇಲೆ ಓಡುವವರು, ನಾಯಿ ಹಿಡಿದವರು, ಗಾಳ ಹಾಕಿ ಕೂತವರು. ನೀರಿನಲ್ಲಿ ಈಜುವವರು, ಜನರಿಗೆ ಸವಾರಿ ಕೊಡುವ ಮೋಟಾರು ಬೋಟುಗಳು. ಅದಕ್ಕೇ ನಾವು ಕೆಳಗಿರುವಷ್ಟು ಹೊತ್ತು ನಮ್ಮ ತಲೆಯ ಮೇಲೆ ಕೆಂಪು ಬಾವುಟದ ಬೆಂಡೊಂದು ತೇಲುತ್ತಿರಬೇಕು. ಕೆಳಗೆ ಜನರಿದ್ದಾರೆ, ದೂರದಿಂದ ಹೋಗಿ ಎಂದು ಅದರರ್ಥ. ಬೆಂಡಿನ ಹಗ್ಗ ಒಂದು ಉರುಳೆಗೆ ಸುತ್ತಿಕೊಂಡಿರುತ್ತದೆ. ಉರುಳೆ ಯಾವಾಗಲೂ ಅತ್ತಿಗೆಯ ಕೈಯಲ್ಲಿ.

“ಉರುಳೇನ ಕೈಯಲ್ಲೇ ಹಿಡ್ಕೋಬೇಕು ಕಣೆ, ಮೈಗೆ ಸಿಕ್ಕಿಸ್ಕೋಬಾರ್ದು,” ಎಂದು ಅವಳು ನನಗೆ ಅದೆಷ್ಟು ಸಲ ಹೇಳಿದ್ದಳೋ. “ಯಾವುದಾದ್ರೂ ಬೋಟು ಹಗ್ಗ ಎಳ್ಕೊಂಡು ಹೋದ್ರೆ ಕೈ ಬಿಟ್ಬಿಡಬಹುದು. ಸಿಕ್ಕಿಸ್ಕೊಂಡಿದ್ರೆ ಅದರ ಹಿಂದೆ ನೀನೂ ಹೋಗ್ತೀಯ.”

ಆ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಇಳಿದೆವು. ನೀರು ಹಸಿರಾಗಿ ಮಬ್ಬಾಗಿತ್ತು, ಎರಡು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ಏಳು ಮೀಟರ್ ಆಳದಲ್ಲಿ, ಗೋಡೆಯ ಬುಡದಿಂದ ಸ್ವಲ್ಪ ದೂರ, ಯಾರೋ ಎಸೆದ ಹಳೇ ಸೈಕಲ್ಲೊಂದು ಬಿದ್ದಿದೆ. ಅದರ ಚಕ್ರದ ಕಡ್ಡಿಗೆ ಬಾಲ ಸುತ್ತಿಕೊಂಡು ಒಂದು ಕಡಲಕುದುರೆ ನಿಂತಿತ್ತು, ನನ್ನ ಕಿರುಬೆರಳಿನಷ್ಟು. ಮೂರು ವರ್ಷದಲ್ಲಿ ಅಂಥದ್ದನ್ನು ನಾವು ಕಂಡಿರಲಿಲ್ಲ. ಅತ್ತಿಗೆ ಹೊಸ ಕ್ಯಾಮೆರಾ ತಂದಿದ್ದಳು, ಅದನ್ನು ಹಿಡಿಯಲು ಎರಡೂ ಕೈ ಬೇಕು. ಉರುಳೆಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಅದರ ಕೊಕ್ಕೆಯನ್ನು ತನ್ನ ಜಾಕೆಟ್ಟಿನ ಎದೆಯ ಮೇಲಿನ ಲೋಹದ ಬಳೆಗೆ ಸಿಕ್ಕಿಸಿದಳು.

ನಾನು ನೋಡಿದೆ. ಉರುಳೆಯ ಕಡೆ ಬೆರಳು ತೋರಿಸಿದೆ. ಅವಳು ಒಂದು ಬೆರಳೆತ್ತಿದಳು: ಒಂದೇ ನಿಮಿಷ. ಅತ್ತಿಗೆಗೆ ನಾನು ಹೇಳಿಕೊಡುವುದೇ ಎಂದುಕೊಂಡು ಸುಮ್ಮನಾದೆ.

ಅಷ್ಟರಲ್ಲಿ ಎಂಜಿನ್ನಿನ ಸದ್ದು ಬಂತು. ನೀರಿನೊಳಗೆ ಸದ್ದಿಗೆ ದಿಕ್ಕಿಲ್ಲ, ಸುತ್ತ ಎಲ್ಲೆಡೆಯಿಂದ ಒಟ್ಟಿಗೇ ಬರುತ್ತದೆ. ಸಡಿಲವಾಗಿ ತೂಗುತ್ತಿದ್ದ ಹಗ್ಗ ತಂತಿಯಂತೆ ನೆಟ್ಟಗಾಯಿತು. ಅತ್ತಿಗೆ ಇದ್ದ ಜಾಗದಿಂದ ಎದ್ದುಹೋದಳು. ಈಜಲಿಲ್ಲ, ಏರಲಿಲ್ಲ, ಯಾರೋ ಬಾವಿಯಿಂದ ಬಿಂದಿಗೆ ಸೇದಿದ ಹಾಗೆ ಹೋದಳು. ಕ್ಯಾಮೆರಾ ಉರುಳಿ ಬಿತ್ತು. ನಾನು ಕೈಚಾಚಿ ಅವಳ ಪಾದ ಹಿಡಿದೆ. ನನ್ನ ಕೈಯಲ್ಲಿ ಉಳಿದದ್ದು ಅವಳು ಈಜಲು ಕಾಲಿಗೆ ತೊಟ್ಟಿದ್ದ ರಬ್ಬರ್ ಫಿನ್ ಮಾತ್ರ.

ಹಸಿರು ನೀರು ಮುಚ್ಚಿಕೊಂಡಿತು. ಸೈಕಲ್ಲು ಅಲ್ಲೇ ಇತ್ತು, ಕಡಲಕುದುರೆ ಅಲ್ಲೇ ಇತ್ತು.

ಒಂದೇ ನೆಗೆತಕ್ಕೆ ಮೇಲೆ ಹೋಗಬೇಕು ಎಂದು ಮೈಯೆಲ್ಲ ಕಿರುಚಿತು. ಉಸಿರು ಬಿಗಿಹಿಡಿದು ಹಾಗೆ ಏರಿದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಅದನ್ನು ಕಲಿಸಿದವಳೂ ಅವಳೇ. ಬಾವುಟವೂ ಇಲ್ಲದೆ ಬೋಟಿನ ದಾರಿಯಲ್ಲಿ ತಲೆ ಎತ್ತುವಂತಿಲ್ಲ. ಗೋಡೆಯವರೆಗೂ ತಳದಲ್ಲೇ ಈಜಿದೆ. ಒಂದು ಕೈಯಿಂದ ಕಲ್ಲು ಸವರುತ್ತ, ಫಿನ್ ಹಿಡಿದ ಇನ್ನೊಂದನ್ನು ತಲೆಯ ಮೇಲೆ ಚಾಚಿ, ಉಸಿರು ಬಿಡುತ್ತ ಬಿಡುತ್ತ ಏರಿದೆ. ನಡುವೆ ಎಂಜಿನ್ ಸದ್ದು ಥಟ್ಟನೆ ನಿಂತಿತು. ಏರಲು ಎರಡು ನಿಮಿಷವೂ ಹಿಡಿದಿರಲಾರದು. ಅಷ್ಟರಲ್ಲಿ ಅಣ್ಣನಿಗೆ ಏನೆಂದು ಹೇಳಲಿ ಎಂಬ ವಾಕ್ಯವನ್ನು ಹತ್ತು ಸಲ ಕಟ್ಟಿ ಕೆಡವಿದ್ದೆ.

ತಲೆ ಎತ್ತಿದಾಗ ಬೋಟು ನಲವತ್ತು ಮೀಟರ್ ದೂರ ನಿಂತಿತ್ತು. ಹಳದಿ ಜಾಕೆಟ್ ತೊಟ್ಟ ನಾಲ್ಕು ಜನ ಎದ್ದು ನಿಂತು ನೀರನ್ನೇ ನೋಡುತ್ತಿದ್ದರು. ಬೋಟಿನವನು ಹಿಂಭಾಗದಲ್ಲಿ ಬೋರಲು ಬಿದ್ದು, ಅತ್ತಿಗೆಯ ಕಂಕುಳಿಗೆ ಎರಡೂ ಕೈ ಹಾಕಿ ಹಿಡಿದುಕೊಂಡಿದ್ದ. ನಾನು ಹೇಗೆ ಈಜಿದೆನೋ ಕಾಣೆ. ಹಗ್ಗವೆಲ್ಲ ಎಂಜಿನ್ನಿನ ರೆಕ್ಕೆಗಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ರೆಕ್ಕೆಗೂ ಅವಳ ಎದೆಗೂ ನಡುವೆ ಒಂದು ಗೇಣು ಉಳಿದಿತ್ತು. ಒಂದೇ ಗೇಣು.

“ಅತ್ತಿಗೆ!”

ಮಾಸ್ಕಿನೊಳಗೆ ರಕ್ತವಿತ್ತು. ಕಣ್ಣು ತೆರೆದಿದ್ದವು. ಗುರುತೇ ಸಿಗದವಳಂತೆ ನನ್ನನ್ನು ನೋಡಿದಳು.

“ಉಸಿರು ಬಿಟ್ಟೆ ಕಣೆ,” ಎಂದಳು. “ಬಿಡ್ತಾನೇ ಇದ್ದೆ. ಬಿಡ್ತಾನೇ ಇದ್ದೆ.”

ಚಾಕು ತೆಗೆದು ಹಗ್ಗಕ್ಕೆ ಇಟ್ಟೆ. ಕೂದಲೆಳೆಯಂಥ ಸ್ಕ್ರೂ ಕೂರಿಸುವ ನನ್ನ ಕೈ ಒಂದು ಹಗ್ಗ ಕೊಯ್ಯಲಾರದೆ ಹೋಯಿತು. ಬೋಟಿನವನೇ ಒಂದು ಕೈ ಬಿಡಿಸಿಕೊಂಡು, ಚಾಕು ಇಸಿದುಕೊಂಡು ಕತ್ತರಿಸಿದ.

“ಬಾವುಟ ಕಂಡಿತ್ತಮ್ಮಾ,” ಎಂದ. ಅವನ ತುಟಿ ಬಿಳಿಚಿತ್ತು. “ಈಜೋರ ಬೆಂಡು ಅಂದ್ಕೊಂಡೆ. ಪಕ್ಕದಲ್ಲಿ ಯಾರೂ ಕಾಣ್ಲಿಲ್ಲ, ನುಗ್ಗಿಸ್ಬಿಟ್ಟೆ. ಎಂಜಿನ್ ಮುಕ್ಕರಿದಾಗ ಆಫ್ ಮಾಡ್ದೆ ಅಷ್ಟೆ. ಕೆಳಗಡೆ ಜನ ಇರ್ತಾರೆ ಅಂತ...” ಅವನಿಗೆ ಉಗಿಯಬೇಕೆಂದು ಬಾಯಿ ತೆರೆದೆ. ಅದನ್ನು ಅಲ್ಲಿಗೇ ಬಿಟ್ಟು, ಅತ್ತಿಗೆಯ ಜಾಕೆಟ್ ಹಿಡಿದು ಅವಳನ್ನು ಮೆಟ್ಟಿಲ ಕಡೆ ಎಳೆದುಕೊಂಡು ಈಜಿದೆ.

ಮೆಟ್ಟಿಲ ಬಳಿ ಲೈಫ್‌ಗಾರ್ಡ್ ಹೆಂಗಸು ಅತ್ತಿಗೆಯನ್ನು ಅಂಗಾತ ಮಲಗಿಸಿ ಆಕ್ಸಿಜನ್ ಹಿಡಿದಳು. “ಎದ್ದು ಕೂರ್ಬೇಡಿ. ಕೈಕಾಲು ಜುಮ್ ಅಂತಿದ್ಯಾ? ನನ್ನ ಬೆರಳು ಒತ್ತಿ ನೋಡೋಣ.” ಗೋಡೆಯ ಮೇಲೆ ಜನ ಮುಗಿಬಿದ್ದರು. ಯಾರೋ ಫೋನು ಎತ್ತಿ ಹಿಡಿದ. ಆಗಲೂ ನನ್ನ ಕೈಯಲ್ಲಿ ಆ ಫಿನ್ ಇತ್ತು. ಆಂಬುಲೆನ್ಸ್ ಹತ್ತುವಾಗ ಯಾರೋ ಬೆರಳು ಬಿಡಿಸಿ ತೆಗೆದುಕೊಂಡರು.

ಕರೆದೊಯ್ದದ್ದು ಅವಳ ಆಸ್ಪತ್ರೆಗೇ. ಎಕ್ಸ್-ರೇ ಕೋಣೆಯಲ್ಲಿ ಅವಳ ಜೊತೆ ಕೆಲಸ ಮಾಡುವ ಹುಡುಗಿಯೇ ಡ್ಯೂಟಿಯಲ್ಲಿದ್ದಳು. ಬಾಗಿಲಾಚೆ ನನಗೆ ಕೇಳಿಸುತ್ತಿತ್ತು. “ಉಸಿರು ಎಳ್ಕೊಳಿ ಮೇಡಂ... ಬಿಗಿ ಹಿಡೀರಿ.” ದಿನಕ್ಕೆ ನೂರು ಸಲ ಅತ್ತಿಗೆ ಬೇರೆಯವರಿಗೆ ಹೇಳುವ ಮಾತು.

“ಆಗಲ್ಲ,” ಎಂದಳು ಅತ್ತಿಗೆ. “ಹಿಡಿಯೋಕೆ ಆಗಲ್ಲ ಕಣೇ, ಬೇಡ.” ಆಮೇಲೆ ಅಳುವ ಸದ್ದು. ಅತ್ತಿಗೆ ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾಲ್ಕನೆಯ ಸಲಕ್ಕೆ ಫಿಲ್ಮು ಸರಿಯಾಗಿ ಬಂತು. ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ಎರಡು ಪಕ್ಕೆಲುಬು ಬಿರಿದಿದ್ದವು, ಬಲಗಿವಿಯ ತಮಟೆ ಹರಿದಿತ್ತು.

ಅಣ್ಣನಿಗೆ ಮಧ್ಯಾಹ್ನ ಎರಡು ಗಂಟೆಯವರೆಗೂ ಹೇಳಲಿಲ್ಲ. ಅರವತ್ತು ಜನರನ್ನು ಕೂರಿಸಿಕೊಂಡು ಓಡಿಸುತ್ತಿರುವವನ ಕಿವಿಗೆ ಇದನ್ನು ಹಾಕುವುದು ಹೇಗೆ? ಡ್ಯೂಟಿ ಮುಗಿದ ಮೇಲೆ ಯೂನಿಫಾರ್ಮಿನಲ್ಲೇ ಓಡಿ ಬಂದ. ದೋಷವನ್ನೆಲ್ಲ ಬೋಟಿನವನ ತಲೆಗೆ ಕಟ್ಟಲು ನಾನು ತಯಾರಾಗಿಯೇ ಕೂತಿದ್ದೆ. ಅತ್ತಿಗೆ ಕೈ ಅಡ್ಡ ಹಿಡಿದಳು.

“ಬೋಟಿನೋನ ತಪ್ಪು ಇದ್ದೇ ಇದೆ. ಆದ್ರೆ ಕೊಕ್ಕೆ ಸಿಕ್ಕಿಸ್ಕೊಂಡಿದ್ದು ನಾನು.”

“ನೀನಾ?” ಎಂದ ಅಣ್ಣ.

ಅಷ್ಟೇ. ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುವವನು ಮಂಚದ ಅಂಚಿಗೆ ಕುಸಿದು ಕೂತು ಅವಳ ಮುಖವನ್ನೇ ನೋಡಿದ.

“ನಾನೂ ನೋಡಿದ್ದೆ ಅಣ್ಣ,” ಎಂದೆ. “ನೋಡಿ ಸುಮ್ಮನಿದ್ದೆ.”

ಅವನು ನನ್ನ ಕಡೆ ತಿರುಗಲಿಲ್ಲ. ತಿರುಗದೆಯೇ ನನ್ನ ಮಣಿಕಟ್ಟು ಹಿಡಿದುಕೊಂಡ. ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದ, ಆದರೂ ನಾನು ಬಿಡಿಸಿಕೊಳ್ಳಲಿಲ್ಲ.

ನಾಲ್ಕನೆಯ ದಿನ ಬಂದರಿನ ಪೊಲೀಸರು ಮನೆಗೆ ಬಂದು ಹೇಳಿಕೆ ಬರೆದುಕೊಂಡರು. ಅತ್ತಿಗೆ ಬಾವುಟದ ವಿಷಯವನ್ನೂ ಹೇಳಿದಳು, ಕೊಕ್ಕೆಯ ವಿಷಯವನ್ನೂ ಹೇಳಿದಳು. ಅವರು ಹೋದ ಮೇಲೆ ಕಿವಿಗೆ ಹತ್ತಿಯಿಟ್ಟು ಸ್ನಾನಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು.

“ಹೊರಗೆ ಕೂತ್ಕೋತೀಯಾ? ಏನಾದ್ರೂ ಮಾತಾಡ್ತಿರು.”

ಸ್ಟೂಲು ಎಳೆದುಕೊಂಡು ಬಾಗಿಲಿಗೆ ಒರಗಿ ಕೂತೆ. ಕನ್ನಡಕ ಕಳೆದುಹೋಯಿತು ಎಂದು ಅಂಗಡಿಯೆಲ್ಲ ಜಾಲಾಡಿದ ಮೇಷ್ಟರೊಬ್ಬರ ಕಥೆ ಶುರುಮಾಡಿದೆ. ಕನ್ನಡಕ ಅವರ ಹಣೆಯ ಮೇಲೇ ಇತ್ತು, ನಮ್ಮಲ್ಲಿ ಯಾರಿಗೂ ಹೇಳುವ ಧೈರ್ಯವಿರಲಿಲ್ಲ. ಒಳಗೆ ನೀರು ಸುರಿಯಿತು, ಥಟ್ಟನೆ ನಿಂತಿತು. ಕಥೆಯೂ ಮುಗಿದಿತ್ತು.

“ನಿಲ್ಲಿಸ್ಬೇಡ,” ಎಂದಳು ಒಳಗಿನಿಂದ.

ಇನ್ನೊಬ್ಬ ಗಿರಾಕಿಯ ಕಥೆ ಶುರುಮಾಡಿದೆ.