ಹನ್ನೊಂದು ಗಂಟೆ ಐವತ್ತೈದು ನಿಮಿಷ

ಮಧ್ಯಾಹ್ನಕ್ಕೆ ಐದೇ ನಿಮಿಷ ಬಾಕಿ ಇರುವಾಗ ನಿಂತುಹೋಗಿ, ಹನ್ನೊಂದು ತಿಂಗಳು ಅಲ್ಲೇ ನಿಂತಿದ್ದ ಸೂರ್ಯನನ್ನು ಗಡಿಯಾರದಣ್ಣ ಹಲ್ಲಿನಿಂದ ಕಚ್ಚಿ, ದರದರನೆ ಎಳೆದು, ಹನ್ನೆರಡಕ್ಕೆ ತಂದು ಕೂರಿಸಿದ. ಅದೂ ಬರೀ ಇಪ್ಪತ್ತೇಳು ಹಲ್ಲಿನಲ್ಲಿ. ಉಳಿದ ಐದು ಮೊದಲೇ ಉದುರಿದ್ದವು.

ಅವನ ಮನೆಯ ಮುಂಗೋಣೆಯಲ್ಲಿ ಇದು ಆಗಲೇ ಮೂರನೇ ಸಲ ನಡೆಯುತ್ತಿತ್ತು. ಮೊನ್ನೆಯಷ್ಟೇ ಜೈಲಿನಿಂದ ಬಿಡುಗಡೆಯಾಗಿದ್ದ ಅವನ ಹೆಂಡತಿಯ ತಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವನನ್ನು ನೋಡಿಹೋಗಲು ಬೀದಿಯ ಕ್ಷೌರಿಕನೂ ಎದುರುಮನೆಯ ನಿವೃತ್ತ ಟೈಪಿಸ್ಟಮ್ಮನೂ ಬಂದಿದ್ದರು. ನೋಡಲು ಬಂದದ್ದು ಮೈದುನನನ್ನು, ಕಿವಿಗೆ ಬಿದ್ದದ್ದು ಭಾವನ ಪರಾಕ್ರಮ.

"ಗಡಿಯಾರಕ್ಕೆ ಬಿಗಿದಿದ್ದ ಸರಪಳಿ ಅಂದ್ರೆ ಎಂಥಾ ಸರಪಳಿ! ಒಂದೊಂದು ಕೊಂಡಿ ಆನೆ ಕಾಲಿನ ಗಾತ್ರ," ಎಂದ ಗಡಿಯಾರದಣ್ಣ.

"ಮೊದಲನೇ ಸಲ ಹೇಳಿದಾಗ ಕುದುರೆ ಕಾಲಿತ್ತು," ಎಂದ ಕ್ಷೌರಿಕ.

"ನಾ ಕಚ್ಚೋವಾಗ ಬೆಳೀತಪ್ಪಾ!"

ಮೈದುನ ನಗಲಿಲ್ಲ. ಅವನು ಅಳತೆಯ ಮನುಷ್ಯ. ಸೇತುವೆಯ ಕಂಬದ ಮೇಲಿನ ಗೆರೆ ನೋಡಿ ನದಿಯ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ಹಲಗೆಯ ಮೇಲೆ ಬರೆಯುವುದು ಅವನ ಕೆಲಸ. ಹೋದ ವರ್ಷ ರಾಜಧಾನಿಯವರು ಈ ಪ್ರಾಂತದಲ್ಲಿ ಭೀಕರ ಪ್ರವಾಹ ಬಂದಿದೆಯೆಂದು ತುರ್ತುಸ್ಥಿತಿ ಘೋಷಿಸಿ, ಪ್ರಾಂತದ ಸರ್ಕಾರವನ್ನು ಮನೆಗೆ ಕಳಿಸಿ, ಶಾಸನಸಭೆಗೆ ಬೀಗ ಹಾಕಿ, ಒಬ್ಬ ವಿಶೇಷಾಧಿಕಾರಿಯನ್ನು ತಂದು ಕೂರಿಸಿದರು. ಅಂದು ಬೆಳಿಗ್ಗೆ ಹಲಗೆಯ ಮೇಲೆ "ನೀರು: ಒಂದೂವರೆ ಅಡಿ" ಎಂದಿತ್ತು. ಮಧ್ಯಾಹ್ನದೊಳಗೆ ಬರೆದವನು ಒಳಗಿದ್ದ. ಆರೋಪ: ಪ್ರವಾಹದ ವಿರುದ್ಧ ಅಪಪ್ರಚಾರ.

ಹೆದರಬೇಕಾದ್ದೇನಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಪ್ರಾಂತಗಳೆಲ್ಲ ಕೂಡಿ ಒಂದು ದೇಶವಾದಾಗ ಹಿರಿಯರು ಸಂವಿಧಾನದಲ್ಲಿ ಒಂದು ಬುದ್ಧಿವಂತಿಕೆಯ ಸಾಲು ಸೇರಿಸಿದ್ದರು. ತುರ್ತು ಅಧಿಕಾರ ಮೂವತ್ತನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯತಕ್ಕದ್ದು, ಅದರಡಿ ಹಿಡಿದವರನ್ನೆಲ್ಲ ಆಗಲೇ ಬಿಡತಕ್ಕದ್ದು. ಹನ್ನೆರಡಾಯಿತೋ ಇಲ್ಲವೋ ಎಂದು ಹೇಳಬೇಕಾದ್ದು ಮಾತ್ರ ಆಯಾ ಪ್ರಾಂತದ ಶಾಸನಸಭೆಯ ಗಡಿಯಾರ. ಹಿರಿಯರು ರಾಜಧಾನಿಯ ಕೈಗೆ ಸೈನ್ಯ ಕೊಟ್ಟರು, ಟಂಕಸಾಲೆ ಕೊಟ್ಟರು. ಗಡಿಯಾರ ಕೊಡಲಿಲ್ಲ.

ಆ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸ ನಮ್ಮ ಗಡಿಯಾರದಣ್ಣನದು. ಅವನ ಪ್ರಕಾರ ಇಡೀ ಪ್ರಾಂತದ ಕೋಳಿಗಳು ಅವನನ್ನು ಕೇಳಿಯೇ ಕೂಗುತ್ತಿದ್ದವು.

ಸಭೆಗೆ ಇನ್ನೊಂದು ಹಳೆಯ ಚಾಳಿ ಇತ್ತು, ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಮಸೂದೆ ಪಾಸಾಗುವ ಮೊದಲೇ ಗಡುವು ಮುಗಿದುಹೋಗುವಂತೆ ಕಂಡರೆ ಸಭಾಧ್ಯಕ್ಷರು ಎರಡು ಸಲ ಕೆಮ್ಮುತ್ತಿದ್ದರು. ಗಡಿಯಾರದಣ್ಣ ಏಣಿ ಹತ್ತಿ ಲೋಲಕವನ್ನು ಹಿಡಿದು ನಿಲ್ಲಿಸುತ್ತಿದ್ದ. ಆಡಳಿತ ಪಕ್ಷವೂ ವಿರೋಧ ಪಕ್ಷವೂ ಒಟ್ಟಿಗೆ ಛಾವಣಿಯ ಚಿತ್ತಾರ ನೋಡುತ್ತಿದ್ದವು. ಎಲ್ಲ ಮುಗಿದ ಮೇಲೆ ಲೋಲಕಕ್ಕೆ ಮತ್ತೆ ಜೀವ. ಐದೋ ಹತ್ತೋ ನಿಮಿಷ, ಮನೆಮಂದಿಯ ಒಳಗಿನ ಮಾತು.

ಮೂವತ್ತನೆಯ ದಿನ ಆ ಗಡಿಯಾರ ಹನ್ನೊಂದು ಐವತ್ತೈದಕ್ಕೆ ನಿಂತಿತು.

ಹೇಗೆ ನಿಂತಿತೆಂಬುದಕ್ಕೇ ಗಡಿಯಾರದಣ್ಣನ ಸರಪಳಿ. ವಿಶೇಷಾಧಿಕಾರಿ ನಾನೂರು ಸೈನಿಕರೊಂದಿಗೆ ನುಗ್ಗಿದನಂತೆ. ಇವನು ಏಣಿಯ ಮೇಲೆ ನಿಂತು ಮುನ್ನೂರೈವತ್ತು ಮಂದಿಯನ್ನು ಒದ್ದು ಉರುಳಿಸಿದನಂತೆ. ಮಿಕ್ಕ ಐವತ್ತು ಮಂದಿ ಹೇಡಿಗಳ ಹಾಗೆ ಹಿಂದಿನಿಂದ ಬಂದು ಲೋಲಕಕ್ಕೆ ಸರಪಳಿ ಬಿಗಿದರಂತೆ.

"ಅಷ್ಟು ಜನ ಆ ಬಾಗಿಲಲ್ಲಿ ತೂರೋದು ಹೇಗೆ?" ಎಂದರು ಟೈಪಿಸ್ಟಮ್ಮ. "ನಾನು ಸಭೇಲಿ ಕೆಲಸಕ್ಕಿದ್ದಾಗ ನನ್ನ ಮೇಜನ್ನೇ ಕಾಲು ಬಿಚ್ಚಿ ಒಳಗೆ ತಂದಿದ್ರು."

"ಸಣಕಲು ಸೈನಿಕರು ಕಣಮ್ಮಾ."

ಆ ಕೊನೆಯ ಐದು ನಿಮಿಷ ಹನ್ನೊಂದು ತಿಂಗಳು ಎಳೆಯಿತು. ಅಷ್ಟರಲ್ಲಿ ರಾಜಧಾನಿ ಪ್ರಾಂತದ ಪೊಲೀಸರನ್ನು ತನ್ನದಾಗಿಸಿಕೊಂಡಿತು, ಆಮೇಲೆ ಕಾಡನ್ನು, ಆಮೇಲೆ ಶಾಲೆಯ ಪಠ್ಯವನ್ನು. ಎಲ್ಲವೂ ಪ್ರವಾಹದ ಸಲುವಾಗಿ. ಸಭಾಂಗಣದಲ್ಲಿ ಪರಿಹಾರದ ಕಂಬಳಿಗಳನ್ನು ಪೇರಿಸಿದರು. ವಿರೋಧ ಪಕ್ಷದ ಸಾಲು ಛಾವಣಿಯವರೆಗೆ ತುಂಬಿತು, ಅದಕ್ಕೆ ಅಷ್ಟು ಬಲ ಹಿಂದೆಂದೂ ಬಂದಿರಲಿಲ್ಲ. ನದಿ ಮಾತ್ರ ಬೇಸಿಗೆಯಲ್ಲಿ ಪೂರ್ತಿ ಒಣಗಿತು. ಆ ವಾರದ ಪ್ರಕಟಣೆಯಲ್ಲಿ "ಪ್ರವಾಹ ಗುಪ್ತವಾಗಿ ಮುಂದುವರಿದಿದೆ" ಎಂದಿತ್ತು.

ಜೈಲು ಸಭೆಯ ಎದುರಿಗೇ ಇತ್ತು. ಮೈದುನನ ಅಕ್ಕ ಪ್ರತಿ ಸೋಮವಾರ ಒಗೆದ ಬಟ್ಟೆಯ ಚೀಲ ಹಿಡಿದು ಗೇಟಿಗೆ ಹೋಗುತ್ತಿದ್ದಳು. ಜೈಲರು ಕತ್ತು ಚಾಚಿ ಎದುರಿನ ಕಿಟಕಿಯೊಳಗಿನ ಗಡಿಯಾರ ನೋಡುತ್ತಿದ್ದರು.

"ಇನ್ನೂ ಐದು ನಿಮಿಷ ಇದೆಯಲ್ಲಮ್ಮಾ. ಆತುರ ಪಟ್ರೆ ಹೇಗೆ?"

"ಹೋದ ಸೋಮವಾರಾನೂ ಐದೇ ಇತ್ತಲ್ಲ ಸ್ವಾಮಿ?"

"ಹೆಚ್ಚಾಗಿಲ್ಲವಲ್ಲ, ಸಂತೋಷ ಪಡಿ."

ಜೈಲರು ಕೆಟ್ಟವರಲ್ಲ, ನಿಯಮದವರು. ಅದಕ್ಕೇ ಮೊನ್ನೆ ಎದುರಿನ ಗಡಿಯಾರ ಢಣ್ ಢಣ್ ಎಂದು ಹನ್ನೆರಡು ಬಾರಿಸಿದಾಗ ಯಾರನ್ನೂ ಕೇಳಲಿಲ್ಲ. ಗೇಟು ತೆಗೆದರು. ಪ್ರವಾಹವನ್ನು ನಂಬದ ನೂರಾ ಹದಿನಾಲ್ಕು ಜನ ನೀರು ಸೋಕದ ಕಾಲಿನಲ್ಲಿ ಹೊರಗೆ ಬಂದರು. ವಿಶೇಷಾಧಿಕಾರಿ ಸಂಜೆಯ ರೈಲು ಹಿಡಿದ.

"ಆಗ ನಾನು ಸಿಂಹದ ಹಾಗೆ ಗರ್ಜಿಸಿದೆ," ಎಂದು ಗಡಿಯಾರದಣ್ಣ ಕುರ್ಚಿಯ ಮೇಲೆ ಹತ್ತಿದ. "ಕಚಕ್ ಅಂತ ಕೊಂಡಿ ತುಂಡಾಯ್ತು ನೋಡು. ಮೈದುನಾ, ನೀನು ಈ ಮನೇಲಿ ಕೂತಿರೋದು ಈ ಹಲ್ಲಿನ ದೆಸೆಯಿಂದ."

"ಭಾವ, ನಾಳೆ ಬೆಳಿಗ್ಗೆ ನಾನು ಮತ್ತೆ ಹಲಗೆ ಮೇಲೆ ಬರೀಬೇಕು," ಎಂದ ಮೈದುನ. "ನೀರು ಎಷ್ಟಿದೆಯೋ ಅಷ್ಟು. ರಾಜಧಾನಿಯವರಿಗೆ ಸಿಟ್ಟು ಬಂದ್ರೆ ಮತ್ತೆ ಮೂವತ್ತು ದಿನ. ಅದಕ್ಕೇ ಕೇಳ್ತೀನಿ. ಆ ಸರಪಳಿ ಈಗ ಎಲ್ಲಿದೆ?"

"ಸರಪಳೀನಾ? ಅದು... ಕರಗಿಹೋಯ್ತು."

"ಕರಗಿಲ್ಲ, ನಾನೇ ಒಗೆದು ಒಣಗಿಸಿದೀನಿ," ಎಂದು ಹೆಂಡತಿ ಅಡುಗೆಮನೆಯಿಂದ ಬಂದಳು. ಮೇಜಿನ ಮೇಲೆ ಮಡಿಸಿದ ಒಂದು ಕರವಸ್ತ್ರ ಇಟ್ಟಳು. ನೀಲಿ ಅಂಚು, ಮೂಲೆಯಲ್ಲಿ ಅವಳೇ ದಾರದಲ್ಲಿ ಹೊಲಿದ ಪುಟ್ಟ ಗಡಿಯಾರ.

ಗಡಿಯಾರದಣ್ಣ ಕುರ್ಚಿಯಿಂದ ಇಳಿದ.

"ಮೊನ್ನೆ ಕನ್ನಡಕ ಮರೆತು ಹೋಗಿದ್ರಲ್ಲ, ಕೊಡೋಣ ಅಂತ ಸಭೆಗೆ ಬಂದೆ. ನೀವು ಸಭಾಧ್ಯಕ್ಷರ ಕುರ್ಚೀಲಿ ಕಂಬಳಿ ಹೊದ್ದು ಗೊರಕೆ ಹೊಡೀತಿದ್ರಿ. ಏಣಿ ಅಲ್ಲೇ ಇತ್ತು. ಹತ್ತಿದೆ. ಲೋಲಕಕ್ಕೆ ಇದು ಕಟ್ಟಿತ್ತು. ಬಿಚ್ಚಿ ಒಂದ್ಸಲ ತಳ್ಳಿದೆ, ಅಷ್ಟೇ. ಕೆಳಗಿಳಿದು ಐದು ನಿಮಿಷ ಬಾಗಿಲಲ್ಲಿ ನಿಂತಿದ್ದೆ. ನೀವು ಏಳಲಿಲ್ಲ." ಅವಳ ದನಿ ಏರಲಿಲ್ಲ. "ಹನ್ನೊಂದು ತಿಂಗಳು ನಾನು ಗೇಟಿನಲ್ಲಿ ಚೀಲ ಹಿಡಿದು ನಿಂತೆ. ಈ ಗಂಟು ಯಾರು ಹಾಕಿದ್ದು ರೀ?"

ಕ್ಷೌರಿಕ ಛಾವಣಿ ನೋಡತೊಡಗಿದ.

"ನಾನೇ," ಎಂದ ಗಡಿಯಾರದಣ್ಣ.

"ಎಷ್ಟು ಸೈನಿಕರಿದ್ರು ಭಾವ?"

"ಒಬ್ಬನೂ ಇರಲಿಲ್ಲ. ಆಫೀಸರು ಒಬ್ರೇ ಬಂದ್ರು. ಎರಡು ಸಲ ಕೆಮ್ಮಿದ್ರು. ಐದೇ ನಿಮಿಷ ಅಂದ್ರು."

"ಹೆದರಿಸಿದ್ರಾ?"

"ಇಲ್ಲ."

"ಆಮೇಲೆ ಬಿಚ್ಚಬೇಡ ಅಂತ ಹೇಳಿದ್ರಾ?"

"ಆಮೇಲೆ ಯಾರೂ ಏನೂ ಹೇಳಲೇ ಇಲ್ಲ. ದಿನಾ ಏಣಿ ಕೆಳಗೆ ಹೋಗಿ ನಿಲ್ತಿದ್ದೆ. ಯಾರಾದ್ರೂ ಬಿಚ್ಚು ಅಂತ ಹೇಳ್ತಾರೇನೋ ಅಂತ ಕಾದೆ."

"ನಾನು ಒಳಗಿರೋದು ಗೊತ್ತಿತ್ತಲ್ಲ ಭಾವ?"

ಗಡಿಯಾರದಣ್ಣ ಕರವಸ್ತ್ರದ ಕಡೆ ಕೈ ಚಾಚಿದ. ಹೆಂಡತಿ ಅದನ್ನು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಗೊತ್ತಿತ್ತು," ಎಂದ. "ಆದ್ರೆ ಅವತ್ತು ಆಫೀಸರು ನನ್ನ ಹೆಗಲ ಮೇಲೆ ಕೈ ಇಟ್ರು ಕಣೋ. ಇಡೀ ದೇಶದಲ್ಲಿ ನಿಮ್ಮಷ್ಟು ಚೆನ್ನಾಗಿ ಗಡಿಯಾರ ನಿಲ್ಲಿಸೋರು ಇನ್ನೊಬ್ಬರಿಲ್ಲ ಅಂದ್ರು. ನಾಳೆ ಬಂದು ಮತ್ತೆ ಹಾಗೇ ಅಂದ್ರೆ ಏನು ಮಾಡ್ತೀನೋ ನಂಗೂ ಗೊತ್ತಿಲ್ಲ. ಇನ್ಮೇಲೆ ಏಣಿ ನಿಮ್ಮಕ್ಕನ ಹತ್ರಾನೇ ಇರಲಿ."