ಕರೆಂಟ್ ಹೋಗಿದ್ದರೂ ಪ್ಲಗ್ ಕೀಳಿ

ಕುಶಾಲನಗರದ ಪಕ್ಕದ ಹಳ್ಳಿಯ ಬಡಗಿ ಸಣ್ಣಸ್ವಾಮಿಗೆ ತಲೆಬುಡ ಒಂದೂ ಅರ್ಥವಾಗುತ್ತಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವನದೊಂದು ಪ್ಲೇನರ್ ಮಿಷನ್ ಇದೆ. ಒಂದು ಕಡೆಯಿಂದ ಹಲಗೆ ಕೊಟ್ಟರೆ ಅದರ ರೋಲರ್ ತಾನೇ ಎಳೆದುಕೊಂಡು, ಬ್ಲೇಡಿನ ಕೆಳಗೆ ಹಾಯಿಸಿ, ಆ ಕಡೆಗೆ ನುಣ್ಣಗೆ ಮಾಡಿ ಕಳಿಸಬೇಕು. ಆಯುಧ ಪೂಜೆ ಮುಗಿದ ಮಾರನೇ ದಿನದಿಂದ ಹಲಗೆ ಅರ್ಧಕ್ಕೇ ನಿಲ್ಲುತ್ತಿದೆ, ಮಿಷನ್ ಸುಮ್ಮನೆ ಗುಂಯ್ ಎನ್ನುತ್ತಿದೆ. ಮಗಳು ಧನುಶ್ರೀಯ ಕೂಸನ್ನು ತೊಟ್ಟಿಲಿಗೆ ಹಾಕುವುದು ಭಾನುವಾರ. ತೊಟ್ಟಿಲಿಗೆ ಇನ್ನೂ ನಾಲ್ಕು ಹಲಗೆ ಬಾಕಿ.

ಪಾಪ, ಅವನು ಯಾವುದನ್ನು ಬೈಯಲಿಲ್ಲ ಹೇಳಿ! ಎಸ್ಟೇಟಿನಿಂದ ತಂದ ಸಿಲ್ವರ್ ಓಕ್ ಹಸಿ ಎಂದ. ಒಣಗಿದ ಹಲಸಿನ ಹಲಗೆ ಕೊಟ್ಟರೂ ಅದೇ ಕಥೆ. ಬ್ಲೇಡ್ ಮೊಂಡಾಗಿದೆ ಎಂದ, ಹೊಸದು ಹಾಕಿಸಿ ಇನ್ನೂ ತಿಂಗಳಾಗಿರಲಿಲ್ಲ. ವೋಲ್ಟೇಜ್ ಇಲ್ಲ ಎಂದ, ಪಕ್ಕದ ಮನೆಯ ಮಿಕ್ಸಿ ಕಿವಿ ಕಿತ್ತುಹೋಗುವಂತೆ ಓಡುತ್ತಿತ್ತು. ಕಡೆಗೆ ದೃಷ್ಟಿಯಾಗಿದೆ ಎಂದು ಹೆಂಡತಿ ರಂಗಮ್ಮನಿಂದ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದ. ಮಿಷನ್ ಅದಕ್ಕೂ ಬಗ್ಗಲಿಲ್ಲ.

ಗುರುವಾರ ಬೆಳಿಗ್ಗೆ ಹಲಗೆ ಮತ್ತೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಒಳ್ಳೆಯದೇ ಆಯಿತು ಎಂದುಕೊಂಡ ಸಣ್ಣಸ್ವಾಮಿ ಕುಕ್ಕುರುಗಾಲಲ್ಲಿ ಕೂತು ಮಿಷನ್ನಿನೊಳಗೆ ಮೊಣಕೈವರೆಗೆ ಕೈ ತೂರಿಸಿದ. ಆಗಲೇ ಅದೇ ಊರಿನ ಹಿರಿಯ ಬೆಳ್ಳಿಯಪ್ಪ ಬಂದರು. ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಅವರು ನೇರ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತರು.

"ಕೈ ತೆಗಿ ಮೊದ್ಲು."

"ಕರೆಂಟೇ ಇಲ್ವಲ್ಲಣ್ಣ, ಇದೇನ್ ಕಚ್ತದಾ?"

"ಸ್ವಿಚ್ ಆಫ್ ಮಾಡಿದ್ಯಾ?"

ಮಾಡಿರಲಿಲ್ಲ. ಈ ಮುದುಕರದ್ದು ಬರೀ ಭಯ ಎಂದು ಒಳಗೊಳಗೇ ಗೊಣಗುತ್ತಾ, ಹಿರಿಯರ ಮಾತಿಗಾಗಿ ಕೈ ತೆಗೆದ. ಅಂಟಿದ ಹೊಟ್ಟು ಕೊಡವುತ್ತಿದ್ದ ಹಾಗೇ ಶೆಡ್ಡಿನ ಬಲ್ಬ್ ಹತ್ತಿಕೊಂಡಿತು. ಪಕ್ಕದ ಮನೆಯ ಮಿಕ್ಸಿ ಗೊರ್ ಎಂದಿತು. ಪ್ಲೇನರ್ ಮಾತ್ರ ಸುಮ್ಮನಿತ್ತು. ಸಣ್ಣಸ್ವಾಮಿ ಬಲ್ಬ್ ನೋಡಿದ, ಸ್ವಿಚ್ ನೋಡಿದ, ತನ್ನ ಕೈ ನೋಡಿಕೊಂಡ. ಹೊಟ್ಟಿನ ರಾಶಿಯ ಮೇಲೇ ಕೂತುಬಿಟ್ಟ.

ಕಾಫಿ ತಂದಿದ್ದ ರಂಗಮ್ಮ ಬಾಗಿಲಲ್ಲೇ ಅತ್ತಳು. "ಆ ಕೈಯಲ್ಲಿ ಕೂಸನ್ನ ಎತ್ಕೋಬೇಕಲ್ರೀ."

ಬೆಳ್ಳಿಯಪ್ಪ ಮುಚ್ಚಳ ತೆಗೆದು ರೋಲರನ್ನು ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದರು. ಕೊಬ್ಬರಿ ಎಣ್ಣೆ! ಪೂಜೆಯ ದಿನ ಏನು ಮಾಡಿದೆ ಎಂದು ಕೇಳಿದರು. ಉಳಿ, ಗರಗಸಕ್ಕೆ ತಂದೆಯ ಕಾಲದಿಂದ ಮಾಡುವಂತೆ ಮಿಷನ್ನಿಗೂ ಒಳಗೆ ಹೊರಗೆ ಎಣ್ಣೆ ಸವರಿ ಕುಂಕುಮ ಇಟ್ಟಿದ್ದೆ ಎಂದು ಸಣ್ಣಸ್ವಾಮಿ ನಾಚಿಕೊಂಡು ಹೇಳಿದ. ಉಳಿಗೆ ಎಣ್ಣೆ ಒಳ್ಳೆಯದು. ಹಲಗೆ ಎಳೆಯುವ ರೋಲರಿಗೆ ಹಿಡಿತ ಬೇಕು, ಎಣ್ಣೆ ತಾಗಿದರೆ ಜಾರುತ್ತದೆ ಎಂದರು ಬೆಳ್ಳಿಯಪ್ಪ. ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಉಜ್ಜಿ, ಮುಚ್ಚಳ ಹಾಕಿ, ಆಮೇಲೆ ಪ್ಲಗ್ ಚುಚ್ಚಿದರು. ಹಲಗೆ ಸರಾಗವಾಗಿ ಹಾದುಹೋಯಿತು.

ಭಾನುವಾರ ಸಣ್ಣಸ್ವಾಮಿ ಎರಡೂ ಕೈಯಲ್ಲಿ ಕೂಸನ್ನೆತ್ತಿ ತೊಟ್ಟಿಲಲ್ಲಿ ಮಲಗಿಸಿದ. ಎಲ್ಲರೂ ಕೂಸನ್ನು ನೋಡುತ್ತಿದ್ದರು. ರಂಗಮ್ಮ ಅವನ ಕೈ ನೋಡುತ್ತಿದ್ದಳು.

ಮನೆಯಲ್ಲಿ ಮಿಷನ್ ಇಟ್ಟುಕೊಂಡ ಅಣ್ಣಂದಿರೇ, ಅಕ್ಕಂದಿರೇ, ಪೂಜೆಯ ಕುಂಕುಮ ಮಿಷನ್ನಿನ ಹೊರಮೈಗೆ ಸಾಕು. ಮಿಷನ್ ಕೆಟ್ಟರೆ ಗಾಬರಿಯಲ್ಲಿ ಒಳಗೆ ಕೈ ಹಾಕಬೇಡಿ. ಹೋದ ಕರೆಂಟ್ ನಿಮ್ಮನ್ನು ಕೇಳಿ ಬರುವುದಿಲ್ಲ. ಮೊದಲು ಪ್ಲಗ್ ಕೀಳಿ.