ಅಪ್ಪಂಗೂ ಬಂತು

ಇವರ ಯೂನಿಫಾರ್ಮನ್ನು ದೊಡ್ಡ ಪಾತ್ರೆಯಲ್ಲಿ ಕುದಿಸುತ್ತ, ಕೋಲಿನಿಂದ ಅದುಮುತ್ತಿದ್ದೆ. ಆಂಬುಲೆನ್ಸ್ ಓಡಿಸುವವರ ಬಟ್ಟೆಯನ್ನು, ಊರಿಗೆಲ್ಲ ಅಂಟುರೋಗ ಹರಡಿದ್ದ ಆ ದಿನಗಳಲ್ಲಿ ಸುಮ್ಮನೆ ಒಗೆದರೆ ನನಗೆ ಸಮಾಧಾನವಾಗುತ್ತಿರಲಿಲ್ಲ. ಫೋನ್ ಹೊಡೆದುಕೊಂಡಿತು. ಮಗಳು ಓಡಿಹೋಗಿ ಸ್ಪೀಕರ್ ಒತ್ತಿದಳು.

"ಪುಟ್ಟೀ, ರಜೆ ಬಂತು ಕಣೇ! ಇಲ್ಲೇ ಬೀದಿ ತಿರುವಿನಲ್ಲಿದ್ದೀನಿ. ಇನ್ನು ಹಾಸಿಗೆ ಬಿಟ್ಟು ಏಳಲ್ಲ. ಎಬ್ಬಿಸಿದ್ರೆ ನಿಮ್ಮಮ್ಮನ್ನೇ ನನ್ನ ಗಾಡಿಗೆ ಹಾಕ್ತೀನಿ."

ಎಷ್ಟೋ ವಾರಗಳಿಂದ ಅಪ್ಪನನ್ನು ಬಾಗಿಲಾಚೆಯಿಂದಲೇ ನೋಡಿದ್ದ ಹುಡುಗಿ. ಕಿಟಕಿಗೆ ಜೋತುಬಿದ್ದು ಕೆಳಮನೆಯ ಟೈಲರಿಗೆ ಕೂಗಿದಳು, "ಮಾವಾ, ನಮ್ಮಪ್ಪಂಗೂ ಬಂತು!"

ನಾನು ನಕ್ಕೆ. ಆಗ ಎಲ್ಲರ ಬಾಯಲ್ಲೂ 'ಬಂತು' ಅನ್ನುವುದಕ್ಕೆ ಇದ್ದದ್ದು ಒಂದೇ ಅರ್ಥ. ಎದುರುಮನೆಗೆ ಬಂತು, ಮೂಲೆ ಅಂಗಡಿಯವನಿಗೆ ಬಂತು. ಅದು ನನಗೆ ಹೊಳೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಧಡಲ್ಲೆಂದು ಸದ್ದಾಯಿತು. ಹಿಂದೆಯೇ ಇವರ ಚೀರಾಟ.

ಕೈಯಲ್ಲಿದ್ದ ಕೋಲಿನ ಸಮೇತ ಓಡಿದೆ. ಟೈಲರ್ ತನ್ನ ಅಂಗಡಿಯ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಬಾರಿಸುತ್ತಿದ್ದ. ಇವರು ಗೋಡೆಗೆ ಆತುಕೊಂಡು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದರು. ಬೆರಳಸಂದಿಯಿಂದ ಇಳಿದ ರಕ್ತಕ್ಕೆ ಮಾಸ್ಕ್ ನೆನೆದು ಬಾಯಿಗೆ ಅಂಟಿತ್ತು.

"ಬಂದಿದ್ರೂ ಸೀದಾ ಮನೆಗೇ ಬರ್ತೀಯಲ್ಲೋ! ಒಳಗೆ ನಮ್ಮಮ್ಮಂಗೆ ಮೊದಲೇ ಉಬ್ಬಸ, ಉಸಿರಾಡೋಕೇ ಆಗ್ತಿಲ್ಲ. ಆಚೆ ಹೋಗಿ ಸಾಯಿ!"

"ರಜೆ ಕಣಯ್ಯಾ... ಬಂದಿರೋದು ರಜೆ!"

ಟೈಲರನ ಕೈ ಗಾಳಿಯಲ್ಲೇ ನಿಂತಿತು. "ರಜೆನಾ?" ಅಂದ.

ಅವನಿಗೆ ಅರ್ಥವಾಯಿತೆಂದು ನನಗೂ ಗೊತ್ತಾಯಿತು. ಆದರೂ ಬೀಸಿದೆ. ಕೋಲು ಅವನ ದವಡೆಗೆ ಬಡಿಯಿತು. ಕೊಕ್ಕೆ ಠಣಠಣ ಉರುಳಿಕೊಂಡು ಹೋಯಿತು. "ತಪ್ಪಾಯ್ತು ಅಕ್ಕಾ, ಅಕ್ಕಾ" ಎನ್ನುತ್ತ ಕುಸಿದ. ಬೆನ್ನಿಗೆ ಹೊಡೆದೆ. ಕುತ್ತಿಗೆಗೆ ಹೊಡೆದೆ. ರಕ್ತದ ಜೊತೆ ಒಂದು ಹಲ್ಲು ಮೆಟ್ಟಿಲ ಮೇಲೆ ಬಿತ್ತು. ನನ್ನ ಮಗಳ ಮಾಸ್ಕಿಗೆಲ್ಲ ಮೊಲದ ಕಿವಿ ಹೊಲಿದುಕೊಟ್ಟಿದ್ದ ಕೈಗಳನ್ನು ಅಡ್ಡ ಹಿಡಿದ. ಆ ಕೈಗಳ ಮೇಲೂ ಹೊಡೆದೆ.

ಇವರು ತೆವಳಿಕೊಂಡು ಬಂದು ನನ್ನ ಸೊಂಟ ಹಿಡಿದು ಎಳೆದರು. "ಸಾಕು ಬಿಡೇ. ಸತ್ತೋಗ್ತಾನೆ."

ಒಳಗೆ ಬಂದು ಇವರ ತಲೆಗೆ ಟವೆಲ್ ಒತ್ತಿ ಹಿಡಿದೆ. ಕೆಳಗಡೆ ಟೈಲರನ ತಾಯಿ ಕೆಮ್ಮಿನ ನಡುವೆ ಮಗನನ್ನು ಕರೆಯುತ್ತಲೇ ಇದ್ದಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ನನ್ನ ಮಗಳು ಗೋಡೆಗೆ ಒತ್ತಿಕೊಂಡಳು.

ಅವಳನ್ನು ಕೊರೆಯುತ್ತಿರುವುದು ಅವಳಾಡಿದ ಮಾತೇ ಅಂದುಕೊಂಡೆ. "ನಿಂದೇನೂ ತಪ್ಪಿಲ್ಲ ಕಂದಾ. ಬಾ ಇಲ್ಲಿ."

ಅವಳು ಬರಲಿಲ್ಲ.

"ಅಮ್ಮಾ, ಅಪ್ಪ ಹಿಡ್ಕೊಳ್ಳದೇ ಇದ್ದಿದ್ರೆ ನೀನು ಮಾವನ್ನ ಸಾಯಿಸಿಬಿಡ್ತಿದ್ದೆಯಾ?"